ಮುಡಿಪು ಕಟ್ಟಿಸಿಕೊಂಡ ಕಂಪ್ಯೂಟರು

ಪೂರ್ತಿ ಕೆಟ್ಟುಹೋದ ವಸ್ತುವಿನ ಮೇಲೆ ನನಗೆ ಒಂದು ಬಗೆಯ ಗೌರವವಿದೆ. ಅದು ಮನುಷ್ಯರನ್ನು ಆಟವಾಡಿಸುವುದಿಲ್ಲ. ಮಿಕ್ಸಿ ಸುಟ್ಟುಹೋಯಿತು ಎಂದರೆ ಸುಟ್ಟುಹೋಯಿತು. ಕೈಚೀಲದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋಗುತ್ತೇವೆ, ಇಲ್ಲವೇ ಅಟ್ಟಕ್ಕೆ ಏರಿಸಿ ಮರೆಯುತ್ತೇವೆ. ಪ್ರಾಣ ಹಿಂಡುವುದು ಆಗಾಗ ಮಾತ್ರ ಕೆಡುವ ವಸ್ತುಗಳು. ನಾವು ಒಬ್ಬರೇ ಇದ್ದಾಗ ಕೆಡುತ್ತವೆ, ನಾಲ್ಕು ಜನರನ್ನು ಕರೆದು ತೋರಿಸಿದಾಗ ಒಳ್ಳೆಯ ಮಕ್ಕಳಂತೆ ಕೆಲಸ ಮಾಡುತ್ತವೆ. ಹಲ್ಲುನೋವೂ ಇದೇ ಜಾತಿಯದು. ಮೂರು ದಿನ ಕುಣಿಸಿದ ಹಲ್ಲು ದಂತವೈದ್ಯರ ಕುರ್ಚಿಯಲ್ಲಿ ಕೂತ ಕೂಡಲೇ ತಣ್ಣಗಾಗುತ್ತದೆ; ಯಾವ ಹಲ್ಲು ಎಂದು ಅವರು ಕೇಳಿದರೆ ನಾವೇ ತಡವರಿಸಬೇಕಾಗುತ್ತದೆ.

ನಮ್ಮ ಮನೆಯ ಕಂಪ್ಯೂಟರು ಹೋದ ವರ್ಷ ಆಯುಧಪೂಜೆಯ ನಂತರ ಈ ಜಾತಿಗೆ ಸೇರಿತು. ಅದರ ಕಥೆ ಹೇಳಹೊರಟರೆ ನನ್ನ ಮಾನ ಸ್ವಲ್ಪ ಹೋಗುತ್ತದೆ. ನಿವೃತ್ತಿಯ ನಂತರ ಮಾನವನ್ನು ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುವ ಅಗತ್ಯವಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ.

ನಾನು ಹೊಸದುರ್ಗದಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿದವನು. ನನ್ನ ಹೆಂಡತಿ ಸುಶೀಲ ಸಮಾಜದ ಟೀಚರು. ಕೊನೆಯ ಹನ್ನೆರಡು ವರ್ಷ ಹಿರಿಯೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದವಳು. ಇಬ್ಬರೂ ಈಗ ಮನೆಯಲ್ಲಿದ್ದೇವೆ. ಆದರೆ ಟೀಚರು ನಿವೃತ್ತರಾದರೂ ಅವರ ಗಂಟಲು ನಿವೃತ್ತವಾಗುವುದಿಲ್ಲ. ನಮ್ಮ ಮನೆಯಲ್ಲಿ ಸೊಪ್ಪಿನವಳಿಗೂ ಒಂದು ಸಣ್ಣ ಪಾಠ ಉಂಟು. ಹಾಗಾಗಿ ಹಿರಿಯೂರಿನ ರೇಣುಕಾ ಫೋನು ಮಾಡಿ, "ಮೇಡಂ, ನಿಮ್ಮ ನೋಟ್ಸು ಒಂದು ಸಲ ಓದಿ ಕಳಿಸ್ತೀರಾ?" ಎಂದು ಕೇಳಿದಾಗ ಸುಶೀಲಳಿಗೆ ಆದ ಸಂತೋಷ ನೋಡಬೇಕಿತ್ತು. ಮೊಮ್ಮಗುವಿನ ನಾಮಕರಣಕ್ಕೂ ಅಷ್ಟು ಓಡಾಡಿರಲಿಲ್ಲ.

ರೇಣುಕಾ ಹುಟ್ಟಿನಿಂದ ಕಣ್ಣು ಕಾಣದವಳು. ಸುಶೀಲಳ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಬೋರ್ಡಿನ ಮೇಲೆ ಬರೆಯುವುದನ್ನೆಲ್ಲ ಬಾಯಲ್ಲೂ ಹೇಳುವ ಅಭ್ಯಾಸವನ್ನು ಟೀಚರಿಗೆ ಮಾಡಿಸಿದವಳೇ ಅವಳು. ಬಿ.ಎಡ್. ಮುಗಿಸಿ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಓದುವುದೆಂದರೆ ಕೇಳುವುದು. ಮೊದಲು ತಂಗಿ ಓದಿ ಹೇಳುತ್ತಿದ್ದಳಂತೆ, ಆಮೇಲೆ ಒಬ್ಬ ಗೆಳತಿ. ಅಚ್ಚಾದ ಪುಸ್ತಕವನ್ನು ಫೋನೇ ಓದಿ ಹೇಳುತ್ತದೆ, ನಿಜ. ಆದರೆ ಸುಶೀಲಳ ನೋಟ್ಸು ಅಚ್ಚಾದದ್ದಲ್ಲ. ವರ್ಷವರ್ಷಕ್ಕೆ ಒಂದೊಂದು ಬಣ್ಣದ ಶಾಯಿಯಲ್ಲಿ, ಅಂಚಿನಲ್ಲಿ ಬಾಣ ಎಳೆದು, ಬಾಣದ ಮೇಲೊಂದು ಬಾಣ ಎಳೆದು ಬರೆದ ಬರಹ. ಅದನ್ನು ಓದಲು ಅವಳೇ ಆಗಬೇಕು. ಯಾವ ಯುದ್ಧ ಯಾವುದರ ನಂತರ ಎಂದು ನೆನಪಿಡಲು ಅವಳು ಕಟ್ಟಿಕೊಂಡ ಸಣ್ಣ ಸಣ್ಣ ಕಥೆಗಳು ಬೇರೆ ಅದರಲ್ಲಿವೆ. ಒಟ್ಟು ನಲವತ್ತು ಪಾಠ. ದಿನಕ್ಕೊಂದು ಓದಿ ಕಳಿಸುವುದು, ಪರೀಕ್ಷೆಗೆ ಎರಡು ವಾರ ಮೊದಲೇ ಮುಗಿಸುವುದು ಎಂದು ಗುರು ಶಿಷ್ಯೆ ಇಬ್ಬರೂ ಗೊತ್ತು ಮಾಡಿಕೊಂಡರು.

"ಫೋನಲ್ಲೇ ಮಾತಾಡಿ ಕಳಿಸ್ತೀನಿ ಬಿಡ್ರಿ," ಎಂದಳು ಸುಶೀಲ.

ಇಲ್ಲಿಗೆ ನಾನು ಬಾಯಿ ಹಾಕದೆ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ವಿಜ್ಞಾನದ ಮೇಷ್ಟರಿಗೆ ಉಪಕರಣ ಬಿಟ್ಟು ಕೆಲಸ ಮಾಡುವುದೆಂದರೆ ಬರಿಗಾಲಲ್ಲಿ ನಡೆದಂತೆ. "ಫೋನಲ್ಲಿ ಕುಕ್ಕರ್ ಕೂಗಿದ್ದೂ ಸೇರ್ಕಳ್ತೈತೆ. ಕಂಪ್ಯೂಟರಲ್ಲಿ ಮಾಡಾಣ, ಒಳ್ಳೆ ಮೈಕ್ ತರ್ತೀನಿ," ಎಂದೆ. ಮೈಕು ಬಂತು. ಓದುವವಳು ಅವಳು, ಗುಂಡಿ ಒತ್ತುವವನು ನಾನು. ಕೆಮ್ಮು, ಸೀನು, ಎದುರು ಮನೆಯ ನಾಯಿ ಎಲ್ಲವನ್ನೂ ಕತ್ತರಿಸಿ ತೆಗೆದು ಶುದ್ಧವಾದ ಪಾಠವನ್ನು ಹಿರಿಯೂರಿಗೆ ರವಾನಿಸುವ ಅಧಿಕಾರಿ ನಾನು. ಇಪ್ಪತ್ತೈದು ಪಾಠ ಹೀಗೆ ಸುಸೂತ್ರವಾಗಿ ಹೋದವು.

ಇಪ್ಪತ್ತನೆಯ ಪಾಠ ದಾಟುವ ಹೊತ್ತಿಗೆ ನನಗೆ ಕಂಪ್ಯೂಟರು ನಿಧಾನ ಅನ್ನಿಸತೊಡಗಿತು. ಅದು ಇದ್ದಂತೆಯೇ ಇತ್ತು. ನಾನು ವಿಡಿಯೊಗಳನ್ನು ನೋಡಲು ಶುರುಮಾಡಿದ್ದೆ, ಅಷ್ಟೇ. ಒಂದರಲ್ಲಿ ಒಬ್ಬ ತರುಣ ಮೆಮೊರಿ ಹೆಚ್ಚಿಸಿದರೆ ಕಂಪ್ಯೂಟರು ಹೇಗೆ ಹಾರುತ್ತದೆ ಎಂದು ಭಾರೀ ಉತ್ಸಾಹದಿಂದ ತೋರಿಸಿದ. ಈ ಮೆಮೊರಿಯನ್ನು ಅಂಗಡಿಯವರು ರ್ಯಾಮ್ ಎನ್ನುತ್ತಾರೆ. ಬೆರಳುದ್ದದ ಒಂದು ಹಸಿರು ಪಟ್ಟಿ. ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ಕೆಲಸ ಮಾಡುವಾಗ ಸಾಮಾನನ್ನೆಲ್ಲ ಅದರ ಮೇಲೆ ಹರಡಿಕೊಳ್ಳುವುದು. ಕರೆಂಟು ಹೋದರೆ ಕಟ್ಟೆ ಖಾಲಿ. ಕಪಾಟಿನಲ್ಲಿ ಎತ್ತಿಟ್ಟದ್ದು ಮಾತ್ರ ಉಳಿಯುತ್ತದೆ. ನಮ್ಮದರಲ್ಲಿ ಒಂದು ಹಳೆಯ ಪಟ್ಟಿ ಇತ್ತು. ಇನ್ನೊಂದು ಹೊಸದನ್ನು ತರಿಸಿದೆ. ಸುಶೀಲಳನ್ನು ಕರೆದು ಕೂರಿಸಿಕೊಂಡು, ಅವಳ ಕಣ್ಣೆದುರೇ ಕಂಪ್ಯೂಟರಿನ ಡಬ್ಬ ಬಿಚ್ಚಿ, ಹಳೆಯದರ ಪಕ್ಕದಲ್ಲಿ ಹೊಸದನ್ನು ಕಟಕ್ಕೆಂದು ಕೂರಿಸಿದೆ. ಅವಳು, "ಪರ್ವಾಗಿಲ್ರಿ!" ಎಂದಳು. ನನ್ನ ಮದುವೆಯ ಜೀವನದಲ್ಲಿ ಈ ಮಾತು ಅಷ್ಟು ಸಲೀಸಾಗಿ ಸಿಕ್ಕಿದ್ದಲ್ಲ.

ಆ 'ಪರವಾಗಿಲ್ಲ'ದ ಅಮಲಿನಲ್ಲಿ ನಾನು ಇನ್ನೂ ಒಂದು ಕೆಲಸ ಮಾಡಿದೆ. ಅವಳು ಒಳಗೆ ಹೋದ ಮೇಲೆ, ಕಂಪ್ಯೂಟರು ಪೂರ್ತಿ ಏಳುವ ಮೊದಲೇ ಒಂದು ಗುಂಡಿ ಒತ್ತಿದರೆ ಬರುವ ಸೆಟ್ಟಿಂಗಿನ ಪರದೆಗೆ ಹೋದೆ. ಅಲ್ಲಿ ಮೆಮೊರಿಯ ವೇಗ ಎಂಬ ಸಾಲಿನಲ್ಲಿ 'ತಾನಾಗಿ' ಎಂದು ಇತ್ತು. ಒತ್ತಿದರೆ ಒಂದರ ಕೆಳಗೊಂದು ಅಂಕಿಗಳು. ಹೊಸ ಪಟ್ಟಿಯ ಮೇಲೆ ಮೂರು ಸಾವಿರದ ಇನ್ನೂರು ಎಂದು ಅಚ್ಚಾಗಿತ್ತು. ನಾನು ಅದನ್ನೇ ಆರಿಸಿದೆ. ಹಳೆಯ ಪಟ್ಟಿಯ ಮೇಲೆ ಏನು ಬರೆದಿದೆ ಎಂದು ನೋಡಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನಿದೆ ಅದರಲ್ಲಿ?

ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ದಿನ ಆಯುಧಪೂಜೆ. ಸುಶೀಲ ತಾನು ಮುಟ್ಟುವ ಎಲ್ಲ ವಸ್ತುವಿಗೂ ಪೂಜೆ ಮಾಡುವವಳು. ಈಳಿಗೆಮಣೆ, ಹೊಲಿಗೆ ಯಂತ್ರ, ಸ್ಕೂಟರು, ಕೆಂಪು ಶಾಯಿಯ ಪೆನ್ನು ಇವುಗಳ ಸಾಲಿಗೆ ಆ ಸಲ ಕಂಪ್ಯೂಟರೂ ಸೇರಿತು. ಡಬ್ಬಕ್ಕೆ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ, ಮೈಕಿಗೆ ಒಂದು ಬೊಟ್ಟು. "ಆ ಹುಡುಗೀಗೆ ಒಳ್ಳೇದಾಗ್ಲಪ್ಪ," ಎಂದು ಮಂಗಳಾರತಿ ಎತ್ತಿದಳು.

ಮಾರನೆಯ ದಿನ ಇಪ್ಪತ್ತಾರನೆಯ ಪಾಠದ ನಟ್ಟನಡುವೆ ಪರದೆ ನೀಲಿಯಾಗಿ, ಏನೋ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಕಂಪ್ಯೂಟರು ತಾನೇ ಆರಿ ತಾನೇ ಹೊತ್ತಿಕೊಂಡಿತು. ಮೂವತ್ತೈದು ನಿಮಿಷದ ಓದು ಮಾಯ. ಸುಶೀಲ ನೀರು ಕುಡಿದು ಮೊದಲಿನಿಂದ ಓದಿದಳು. ಈ ಸಲ ಇಪ್ಪತ್ತು ನಿಮಿಷಕ್ಕೇ ಹೋಯಿತು. ಸಂಜೆ ಮತ್ತೊಮ್ಮೆ ಕೂತಾಗ ಪೂರ್ತಿ ಮುಗಿಯಿತು. ಉಳಿಸಲು ಗುಂಡಿ ಒತ್ತುವಾಗ ಹೋಯಿತು.

ಮೂರು ದಶಕ ನಾನು ಮಕ್ಕಳಿಗೆ ಪ್ರಯೋಗದ ರೆಕಾರ್ಡು ಬರೆಸಿದ್ದೇನೆ. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ನಿರ್ಣಯ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಿ ಎಂದು ಗಂಟಲು ಹರಿದುಕೊಂಡಿದ್ದೇನೆ. ಒಂದರ ನಂತರ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂದು ಹೇಳಿಕೊಟ್ಟಿದ್ದೇನೆ. ಅಂಥ ನಾನು ಡಬ್ಬ ಬಿಚ್ಚಿ ಬಗ್ಗಿ ನೋಡಿದೆ. ಫ್ಯಾನಿನ ಹತ್ತಿರ ಒಂದು ಚೆಂಡುಹೂವಿನ ಎಸಳೂ ಚಿಟಿಕೆಯಷ್ಟು ಕುಂಕುಮವೂ ಸಿಕ್ಕವು. ಕಳ್ಳನ ಚಪ್ಪಲಿ ಸಿಕ್ಕ ಪೊಲೀಸಿನವನಂತೆ ಎರಡನ್ನೂ ಅಂಗೈಯಲ್ಲಿಟ್ಟು ಸುಶೀಲಳಿಗೆ ತೋರಿಸಿದೆ. "ನೋಡು. ಪೂಜೆ ಒಳಗಡೆಗೂ ಆಗೈತೆ."

ಅವಳು ಸೆರಗಿನ ತುದಿ ಒದ್ದೆ ಮಾಡಿಕೊಂಡು ಡಬ್ಬದ ಮೇಲಿನ ಕುಂಕುಮ ಒರೆಸಿದಳು. ಮೈಕಿನ ಬೊಟ್ಟನ್ನೂ ಒರೆಸಿದಳು. ಹೆಂಡತಿ ತಿರುಗಿ ಮಾತಾಡದಿದ್ದರೆ ಗೆದ್ದೆ ಎಂದುಕೊಳ್ಳುವ ಗಂಡಸರ ಪೈಕಿ ನಾನೂ ಒಬ್ಬ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲಿನ ಹನ್ನೊಂದು ದಿನ ನಾನು ಮಾಡದ ಚಿಕಿತ್ಸೆಯಿಲ್ಲ. ಧೂಳು ಊದಿದೆ. ವೈರಸ್ಸು ಹುಡುಕಿದೆ. ಕರೆಂಟಿನ ಏರಿಳಿತ ಎಂದು ಹೊಸ ಪ್ಲಗ್ಗು ತಂದೆ. ಬಿಸಿಯಾಗಿದೆಯೆಂದು ಡಬ್ಬದ ಬಾಗಿಲು ತೆಗೆದು ಟೇಬಲ್ ಫ್ಯಾನು ಹಿಡಿದೆ. ಅದರ ಗಾಳಿಗೆ ಸುಶೀಲಳ ನೋಟ್ಸು ಮನೆಯೆಲ್ಲ ಹಾರಾಡಿತು. ಪ್ರತಿ ಚಿಕಿತ್ಸೆಯ ನಂತರವೂ ಕಂಪ್ಯೂಟರು ಅರ್ಧ ದಿನ ಸರಿಯಿರುತ್ತಿತ್ತು. ಗುಣವಾಯಿತು ಎಂದು ನಾನು ಘೋಷಿಸುತ್ತಿದ್ದೆ. ಸುಶೀಲ ಕೂತು ಓದುತ್ತಿದ್ದಳು. ನೀಲಿ ಪರದೆ ಬರುತ್ತಿತ್ತು. ಇಪ್ಪತ್ತಾರನೆಯ ಪಾಠವನ್ನು ಏಳು ಸಲ ಓದಿ ಅವಳ ಗಂಟಲು ಕಟ್ಟಿತು. ಅವಳ ಫೋನಿನಲ್ಲಿ ಓದಬಹುದಿತ್ತು. ಅದು ನೆಂಟರು ಕಳಿಸಿದ ಶುಭೋದಯಗಳಿಂದ ಗಂಟಲವರೆಗೆ ತುಂಬಿಕೊಂಡು ಹತ್ತು ನಿಮಿಷಕ್ಕೇ ನಿಲ್ಲುತ್ತಿತ್ತು. ನಿನ್ನ ಫೋನು ಇತ್ತಲ್ಲ ಎಂದು ನೀವು ಕೇಳುತ್ತೀರಿ. ದಯವಿಟ್ಟು ಕೇಳಬೇಡಿ. ಫೋನು ಹಿಡಿದರೆ ಕಂಪ್ಯೂಟರಿನ ಮುಂದೆ ನಾನು ಸೋತಂತೆ, ಅಷ್ಟೇ ವಿಷಯ.

ಇಷ್ಟರ ನಡುವೆ ನಾಲ್ಕನೆಯದೋ ಐದನೆಯದೋ ದಿನ, ಸ್ನಾನ ಮಾಡುವಾಗ, ಆ ಮೂರು ಸಾವಿರದ ಇನ್ನೂರು ನನ್ನ ತಲೆಗೆ ಬಂತು. ತಲೆಯ ಮೇಲೆ ನೀರು ಸುರಿದುಕೊಂಡೆ. ಅದು ಹೋಯಿತು. ಮನುಷ್ಯ ತನಗೆ ಬೇಡದ ವಿಚಾರವನ್ನು ಎಷ್ಟು ಸುಲಭವಾಗಿ ತೊಳೆದುಕೊಳ್ಳಬಲ್ಲ ಎಂದು ಈಗ ಆಶ್ಚರ್ಯವಾಗುತ್ತದೆ. ಹೋಗಿ ಆ ಪರದೆ ತೆಗೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಿದರೆ ನಿಜ ಗೊತ್ತಾಗುತ್ತಿತ್ತು. ಆಗ ಆ ಹೂವಿನ ಎಸಳನ್ನು ಎಲ್ಲಿ ಇಡುವುದು?

ರೇಣುಕಾ ಮೊದಲ ಎರಡು ದಿನ, "ಪಾಠ ಕಳಿಸಿದ್ರಾ ಮೇಡಂ?" ಎಂದು ಕೇಳಿದ್ದಳು. ಸುಶೀಲಳಿಗೆ ಉತ್ತರ ಹೇಳಲು ನಾಚಿಕೆ. ನಾನೇ, "ಸ್ವಲ್ಪ ತಡ ಆಗುತ್ತೆ" ಎಂದು ಮೂರು ಪದ ಬರೆದು ಕಳಿಸಿದೆ. ಎರಡು ದಿನದಲ್ಲಿ ಸರಿಹೋಗುವುದಕ್ಕೆ ಪರೀಕ್ಷೆಯ ಹುಡುಗಿಯನ್ನು ಯಾಕೆ ಗಾಬರಿ ಮಾಡುವುದು ಎಂಬುದು ನನ್ನ ವಾದ. ಆಮೇಲೆ ಅವಳು ಕೇಳಲಿಲ್ಲ.

"ಆ ಹುಡುಗಿ ಕೇಳೋದೇ ಬಿಟ್ಳಲ್ರಿ," ಎಂದಳು ಸುಶೀಲ ಒಂದು ಮಧ್ಯಾಹ್ನ.

"ಬೇರೆ ಯಾರ್ದೋ ನೋಟ್ಸು ಸಿಕ್ಕಿರ್ಬೇಕು ಬಿಡು."

ಅಂದೇ ಸಂಜೆ ಅವಳು ಒಂದು ಬಿಳಿಯ ಬಟ್ಟೆಯ ಚೂರನ್ನು ಅರಿಸಿನ ನೀರಿನಲ್ಲಿ ಅದ್ದಿ, ಒಣಗಿಸಿ, ಒಂದು ನಾಣ್ಯ ಇಟ್ಟು ಗಂಟು ಕಟ್ಟಿದಳು. ಮುಡಿಪು. ಅವಳ ತವರು ಹೊರಕೆರೆದೇವಪುರ. ಮಗುವಿಗೆ ಜ್ವರ ಬಂದರೆ, ವರ್ಗಾವಣೆ ತಪ್ಪಬೇಕಾದರೆ, ಹಸು ಕಳೆದುಹೋದರೆ ಆ ಊರಿನ ದೇವರಿಗೆ ಮುಡಿಪು ಕಟ್ಟಿ ಬೇಡಿಕೊಳ್ಳುವುದು ಅವರ ಮನೆಯ ರೂಢಿ. ಕಂಪ್ಯೂಟರಿಗೆ ಕಟ್ಟಿದ್ದು ಬಹುಶಃ ಆ ದೇವರಿಗೂ ಹೊಸದು. ಗಂಟನ್ನು ಫೋಟೊ ಮುಂದಿಟ್ಟು ಕೈ ಮುಗಿದು, ಮೆಲ್ಲಗೆ, "ನನ್ನ ಕೈಯಿಂದ ತಪ್ಪಾಗೈತೆ, ಆ ಹುಡುಗೀಗೆ ತೊಂದ್ರೆ ಮಾಡ್ಬ್ಯಾಡಪ್ಪ," ಎಂದಳು. ನಾನು ಪೇಪರು ಓದುತ್ತಿದ್ದವನು ಓದುತ್ತಲೇ ಇದ್ದೆ. ಯಾವ ಸುದ್ದಿ ಎಂದು ಕೇಳಿದರೆ ಹೇಳಲಾರೆ.

ಮರುದಿನ ಖಾದರ್ ಭಾಯಿಗೆ ಹೇಳಿಕಳಿಸಿದೆ. ಅವರು ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ತಂದೆಯ ಕಾಲದಿಂದ ರಿಪೇರಿ ಅಂಗಡಿ ಇಟ್ಟವರು. ರೇಡಿಯೊ ಇದ್ದಾಗ ರೇಡಿಯೊ, ಟೇಪ್‌ರೆಕಾರ್ಡರ್ ಬಂದಾಗ ಟೇಪ್‌ರೆಕಾರ್ಡರ್, ಈಗ ಕಂಪ್ಯೂಟರು. ನನ್ನ ವಯಸ್ಸಿನವರು, ನಿಧಾನದ ಮನುಷ್ಯ. ಒಣಗಿದ ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ವ್ಯಾಪಾರಿಯಂತೆ ಮೊದಲು ಡಬ್ಬಕ್ಕೆ ಕಿವಿಯಿಟ್ಟು ಕೇಳಿದರು. ನಂತರ ಕುರ್ಚಿಯಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ, "ಏನಾರ ಬದ್ಲಾಯಿಸಿದ್ರೇನ್ರಿ ಮೇಷ್ಟ್ರೆ?"

ಒಳ್ಳೆಯ ವೈದ್ಯರ ಪ್ರಶ್ನೆಯೂ ಇದೇ. ನಮ್ಮ ಚಿಕ್ಕಂದಿನ ಡಾಕ್ಟರು ನಾಡಿ ಹಿಡಿಯುವ ಮೊದಲು, ನಿನ್ನೆ ಏನು ತಿಂದೆ ಎಂದು ಕೇಳುತ್ತಿದ್ದರು. ತಿಂದದ್ದನ್ನು ಹೇಳಿಬಿಟ್ಟರೆ ಅರ್ಧ ಕಾಯಿಲೆ ವಾಸಿ. ಆದರೆ ಮದುವೆಮನೆಯಲ್ಲಿ ಹನ್ನೆರಡು ಹೋಳಿಗೆ ತಿಂದ ಹುಡುಗ ಅಮ್ಮನ ಎದುರು ನಿಜ ಹೇಳುತ್ತಾನೆಯೇ? ಸುಶೀಲ ಚಹದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಹೊಸ ರ್ಯಾಮ್ ಹಾಕಿದ್ದು ಬಿಟ್ರೆ ಏನಿಲ್ಲ," ಎಂದೆ.

"ನಾನು ಪೂಜೆ ಮಾಡಿದ್ದೆ ಖಾದರ್ ಭಾಯ್," ಎಂದಳು ಅವಳು. "ಕುಂಕುಮ ಒಳಗೆ ಬಿದ್ದಿತ್ತು."

"ಕುಂಕುಮಕ್ಕೆಲ್ಲ ಇವು ಕೆಡಲ್ಲ ಅಮ್ಮಾರೆ. ನಮ್ಮ ಅಂಗ್ಡಿಗೆ ಬರಾ ಡಬ್ಬಗಳು ನೋಡಿದ್ರೆ ಒಳಗೆ ಹಲ್ಲಿ ಸಂಸಾರ ಮಾಡಿರ್ತಾವೆ," ಎಂದು ಅವರು ಕೆಲಸ ಶುರುಮಾಡಿದರು. ಅವಳು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಳು.

ಖಾದರ್ ಭಾಯಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಿದ್ದರು. ಬದಲಾಯಿಸಿದ್ದನ್ನು ಒಂದು ಬೀಡಿಕಟ್ಟಿನ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ನಾನು ನೂರಾರು ಮಕ್ಕಳಿಗೆ ಕಲಿಸಲು ಒದ್ದಾಡಿದ್ದನ್ನು ಯಾರೂ ಹೇಳಿಕೊಡದ ಈ ಮನುಷ್ಯ ಮಾಡುವುದನ್ನು ನೋಡುತ್ತ ಕೂತೆ. ಹೊಸ ಪಟ್ಟಿಯೊಂದನ್ನೇ ಹಾಕಿ ಪರೀಕ್ಷೆ ಮಾಡಿದರು. ಒಂದು ಗಂಟೆ ಏನೂ ಆಗಲಿಲ್ಲ. ಹಳೆಯದೊಂದನ್ನೇ ಹಾಕಿದರು, ಹತ್ತು ನಿಮಿಷಕ್ಕೆ ಪರದೆಯ ತುಂಬ ತಪ್ಪು ಸಾರುವ ಕೆಂಪು ಸಾಲುಗಳು.

"ಸಿಕ್ತು. ಹಳೇದು ಹೋಗೈತೆ," ಎಂದೆ ನಾನು, ಆತುರದಿಂದ.

"ಇರ್ರಿ. ಇಷ್ಟು ವರ್ಷ ಕೆಲ್ಸ ಮಾಡಿದ್ದು, ಪಾಪ. ಸುಮ್ಸುಮ್ನೆ ಹೋತು ಅನ್ನಾಕಾಗಲ್ಲ." ಹಳೆಯ ಪಟ್ಟಿಯನ್ನು ಹೊರಗೆ ತೆಗೆದು, ಕನ್ನಡಕ ಹಣೆಗೇರಿಸಿ, ಅದರ ಮೇಲಿನ ಅಂಕಿ ಓದಿದರು. ಎರಡು ಸಾವಿರದ ಆರುನೂರ ಅರವತ್ತಾರು. ಮತ್ತೆ ಅದನ್ನೇ ಹಾಕಿ ಸೆಟ್ಟಿಂಗಿನ ಪರದೆಗೆ ಹೋದರು. ಮೆಮೊರಿಯ ವೇಗದ ಸಾಲಿನ ಮುಂದೆ ಬೆರಳು ನಿಂತಿತು. ಆ ಸಾಲು ತಾನಾಗಿ ಬದಲಾಗುವಂಥದ್ದಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಪರದೆಯನ್ನು ನೋಡಿದರು. ನನ್ನನ್ನು ನೋಡಿದರು. ಬಾಗಿಲಲ್ಲಿದ್ದ ಸುಶೀಲಳನ್ನು ನೋಡಿದರು.

"ಕೆಟ್ಟಿಲ್ಲ ಇದು," ಎಂದರು ನನಗಷ್ಟೇ ಕೇಳುವಷ್ಟು ಮೆಲ್ಲಗೆ. "ಅದ್ರ ಕೈಲಾಗದಷ್ಟು ಜೋರಾಗಿ ಓಡಿಸ್ತಿದ್ದಾರೆ. ಎರಡೂ ಸೇರಿ ಹೋಗ್ಬೇಕಂದ್ರೆ ನಿಧಾನದ್ದಕ್ಕೆ ತಕ್ಕಂಗೆ ಹೋಗ್ಬೇಕು." ಎರಡು ಗುಂಡಿ ಒತ್ತಿ ವೇಗವನ್ನು ಹಳೆಯ ಪಟ್ಟಿಯ ಅಂಕಿಗೆ ಇಳಿಸಿದರು. ಎರಡೂ ಪಟ್ಟಿ ಹಾಕಿ ಮತ್ತೆ ಪರೀಕ್ಷೆಗೆ ಬಿಟ್ಟರು.

ಚಿತ್ರದುರ್ಗದ ಕೋಟೆಗೆ ನಾನು ಎಷ್ಟೋ ಸಲ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ಅಲ್ಲಿನ ಗೈಡುಗಳು ತಪ್ಪದೆ ಹೇಳುವುದೊಂದು ಸಂಗತಿ: ಬಾಗಿಲುಗಳು ನೇರಸಾಲಿನಲ್ಲಿಲ್ಲ, ಒಂದು ದಾಟಿದರೆ ದಾರಿ ಹೊರಳುತ್ತದೆ. ಶತ್ರುವಿನ ಆನೆಗೆ ಓಡಿಬಂದು ಗುದ್ದಲು ಅವಕಾಶ ಸಿಗಬಾರದು ಎಂದು. ಆನೆಗೆ ಬಲ ಕಡಿಮೆಯೇನಲ್ಲ, ವೇಗ ಸಿಗದಿದ್ದರೆ ಬಾಗಿಲು ಉಳಿಯುತ್ತದೆ ಎಂದು ಕಟ್ಟಿದವರು ಲೆಕ್ಕ ಹಾಕಿದ್ದರು. ವೇಗವನ್ನು ತಗ್ಗಿಸುವುದೂ ಒಂದು ವಿದ್ಯೆ ಎಂದು ನಾನೇ ಪ್ರತಿ ಸಲ ಮಕ್ಕಳಿಗೆ ವಿವರಿಸುತ್ತಿದ್ದೆ. ವಿವರಿಸುವಾಗ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರಿಂದ ಅದು ನನ್ನ ಅನುಕೂಲಕ್ಕೂ ಒದಗುತ್ತಿತ್ತು.

ಮಧ್ಯಾಹ್ನದವರೆಗೆ ಕಾದೆವು. ಒಂದೂ ಕೆಂಪು ಸಾಲಿಲ್ಲ. ಸುಶೀಲ ಉಪ್ಪಿಟ್ಟು ತಂದಿಟ್ಟು ಕೇಳಿದಳು, "ಏನಾಗಿತ್ತು ಖಾದರ್ ಭಾಯ್?"

ಖಾದರ್ ಭಾಯಿ ಉಪ್ಪಿಟ್ಟಿನಲ್ಲಿ ಕಡಲೇಬೇಳೆ ಹುಡುಕುತ್ತ, "ಕರೆಂಟಿನ ತರ್ಲೆ ಅಮ್ಮಾರೆ. ಒಳಗೆ ಸೆಟ್ಟಿಂಗು ಏರುಪೇರಾಗಿತ್ತು. ಈಗ ಸರಿ ಐತೆ," ಎಂದರು. ಬಾಗಿಲವರೆಗೆ ಬಿಡಲು ಹೋದ ನನ್ನ ಹೆಗಲ ಮೇಲೊಮ್ಮೆ ಕೈಯಿಟ್ಟು ಹೊರಟರು. ಅವರು ನನ್ನ ಮಾನ ಉಳಿಸಿದ್ದರು. ನನಗೆ ಅಳು ಬರುವ ಹಾಗಾಯಿತು. ಕೃತಜ್ಞತೆಯಿಂದಲೋ ನಾಚಿಕೆಯಿಂದಲೋ ತಿಳಿಯಲಿಲ್ಲ.

ಸುಶೀಲಳಿಗೆ ಅನುಮಾನವೇ ಇರಲಿಲ್ಲ. ಮುಡಿಪು ಕಟ್ಟಿದ ಮಾರನೆಯ ದಿನವೇ ಕಂಪ್ಯೂಟರು ಸರಿಹೋಯಿತಲ್ಲ! ನಾನು ಮೈಕು ಸಿಕ್ಕಿಸಲು ಹೋದರೆ ತಡೆದಳು. "ಹರಕೆ ತೀರಿಸ್ದೆ ನಾನು ಓದಲ್ಲ. ನಾಳೆ ಬೆಳಿಗ್ಗೆನೇ ಹೋಗಾಣ."

ಬೆಳಿಗ್ಗೆ ಹೊಳಲ್ಕೆರೆಯ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು, ಮಡಿಲಲ್ಲಿ ಹಣ್ಣುಕಾಯಿಯ ಚೀಲ, ಮುಷ್ಟಿಯಲ್ಲಿ ಮುಡಿಪು. ತೆಂಗಿನ ತೋಟಗಳು ಮುಗಿದು ಬಯಲು ಶುರುವಾಗುವ ಹೊತ್ತಿಗೆ ಅವಳು ತನ್ನಷ್ಟಕ್ಕೆ ಹೇಳಿದಳು: "ಇನ್ಮ್ಯಾಲೆ ಕಂಪ್ಯೂಟ್ರಿಗೆ ಪೂಜೆ ಮಾಡಲ್ಲಪ್ಪ. ದೂರದಿಂದ್ಲೇ ಕೈ ಮುಗಿತೀನಿ. ನನ್ನಿಂದ ಆ ಹುಡುಗೀದು ಹತ್ತು ಹನ್ನೊಂದು ದಿನ ಹಾಳಾತು."

"ನಿನ್ನಿಂದ ಅಲ್ಲ ಕಣೆ," ಎಂದೆ.

"ಮತ್ತೆ?"

"ಆ ರ್ಯಾಮಿನ ಸ್ಪೀಡು ನಾನೇ ಜಾಸ್ತಿ ಮಾಡಿ ಇಟ್ಟಿದ್ದೆ. ಪೂಜೆಗೂ ಮುಂಚೆ. ಖಾದರ್ ಅದನ್ನೇ ಇಳಿಸಿದ್ದು. ಕರೆಂಟು ಅಂತ ಹೇಳಿದ್ದು ನನ್ನ ಮುಖ ನೋಡಿ."

ಅವಳು ಕಿಟಕಿಯಿಂದ ನನ್ನ ಕಡೆಗೆ ತಿರುಗಿದಳು. ಟೀಚರು ಟೀಚರೇ, ತಪ್ಪಿಗಿಂತ ತಪ್ಪಿನ ತಾರೀಕು ಮುಖ್ಯ. "ನಿಮಗೆ ಯಾವತ್ತು ಗೊತ್ತಾತು?"

"ಖಾದರ್ ಬಂದಾಗ." ಒಂದು ಊರು ದಾಟಿತು. "ಅಲ್ಲ. ಮುಂಚೇನೇ ಅನುಮಾನ ಇತ್ತು. ನೀನು ಮುಡಿಪು ಕಟ್ಟೋಕ್ಕೂ ಮುಂಚೆ."

"ನಾನು ದೇವ್ರ ಮುಂದೆ ತಪ್ಪಾತು ತಪ್ಪಾತು ಅಂತ ಕೈ ಮುಗೀತಿದ್ರೆ, ಪೇಪರ್ ಓದ್ತಾ ಕುಂತಿದ್ರಲ್ರಿ."

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸುವಾಗ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಗುಡಿಯಲ್ಲಿ ಹುಂಡಿಯ ಮುಂದೆ ನಿಂತು ಮುಡಿಪನ್ನು ನನ್ನ ಕೈಗೆ ಇಟ್ಟು, "ಹಾಕ್ರಿ. ಇದು ನಿಮ್ದು," ಎಂದಳು. ಹಾಕಿದೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸ್ವಲ್ಪ ಇಳಿದ ಧ್ವನಿಯಲ್ಲಿ ಹೇಳಿದಳು: "ನನ್ನ ವಿಷ್ಯ ಬಿಡ್ರಿ, ಮನೇಗೆ ಹೋಗಿ ನೋಡ್ಕಂತೀನಿ. ಮೊದ್ಲು ಆ ಹುಡುಗೀಗೆ ಹೇಳ್ರಿ. ಪರೀಕ್ಷೆ ಅವಳ್ದು."

ಮನೆಗೆ ಬಂದವನೇ ಫೋನು ತೆಗೆದು ರೇಣುಕಾಗೆ ಒಂದು ಧ್ವನಿಸಂದೇಶ ಮಾಡಿದೆ. ಮೊದಲ ಸಲ ಮೆಮೊರಿ ಎಂದರೇನು ಎಂಬಲ್ಲಿಂದ ಶುರುಮಾಡಿ ನಾಲ್ಕು ನಿಮಿಷವಾದರೂ ತಪ್ಪಿನ ಹತ್ತಿರ ಬರಲಿಲ್ಲ. ಅಳಿಸಿದೆ. ಎರಡನೆಯ ಸಲ ಖಾದರ್ ಭಾಯಿಯ ಗುಣಗಾನವೇ ಹೆಚ್ಚಾಯಿತು. ಮೂರನೆಯ ಸಲ ಹೇಳಿದ್ದು ಇಷ್ಟು: "ರೇಣುಕಾ, ನಮ್ಮ ಕಂಪ್ಯೂಟರ್ ಕೆಟ್ಟಿತ್ತಮ್ಮ. ಕೆಡಿಸಿದ್ದು ನಾನು. ನಿನಗೆ ಹೇಳಲಿಲ್ಲ, ಅದೂ ನನ್ನದೇ ತಪ್ಪು. ನಿಮ್ಮ ಮೇಡಂ ಅದೇ ಪಾಠಾನ ಏಳು ಸಲ ಓದಿದಾರೆ."

ಐದು ನಿಮಿಷವಾಗಿರಲಿಲ್ಲ, ಫೋನು ಬಂತು. ಸುಶೀಲಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಸಾರ್, ಬರೀ ಕಂಪ್ಯೂಟರ್ ಕೆಟ್ಟಿತ್ತಾ ಸಾರ್?"

"ಹೂಂ ಕಣಮ್ಮ. ನನ್ನನ್ನ ಬೈಯಿ, ಪರವಾಗಿಲ್ಲ."

ಆ ಕಡೆ ಅವಳು ನಕ್ಕಳು, ನಗು ನಡುವೆ ಒಡೆಯಿತು. "ಎಷ್ಟು ಖುಷಿಯಾತು ಗೊತ್ತಾ ಸಾರ್. ಮೇಡಮ್ಮಿಗೆ ಸಾಕಾಗೈತೆ ಅನ್ಕಂಡಿದ್ದೆ. ಓದಿ ಹೇಳೋರಿಗೆ ಬ್ಯಾಸ್ರ ಆದಾಗ ಯಾರೂ ಬಾಯಿಬಿಟ್ಟು ಹೇಳಲ್ಲ ಸಾರ್. ಮೊದ್ಲು 'ತಡ ಆಗುತ್ತೆ' ಅಂತಾರೆ, ಆಮೇಲೆ ಸುಮ್ನಾಗ್ತಾರೆ. ನಮ್ಮ ತಂಗಿನೂ ಹಂಗೇ ಮಾಡಿದ್ಳು, ಫ್ರೆಂಡೂ ಹಂಗೇ. ಅದ್ಕೇ ನಾನೂ ಕೇಳೋದು ಬಿಟ್ಟೆ. ಈ ಸಲ ಪರೀಕ್ಷೆ ಬ್ಯಾಡ ಅಂತ ಮನೇಲೂ ಹೇಳಿಬಿಟ್ಟಿದ್ದೆ."

ಹನ್ನೊಂದು ದಿನ ನಾನು ಕಂಪ್ಯೂಟರಿನ ಒಳಗೆಲ್ಲ ಹುಡುಕಾಡಿದ್ದೆ. ಕೆಡುಕು ಹಿರಿಯೂರಿನವರೆಗೆ ಹೋಗಿ ಕೂತಿತ್ತು, ನನ್ನ ಮೂರು ಪದಗಳ ಬೆನ್ನೇರಿ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಶೀಲ ನನ್ನ ಕೈಯಿಂದ ಫೋನು ಕಿತ್ತುಕೊಂಡಾಗಿತ್ತು. ಅವಳ ಕಣ್ಣು ತುಂಬಿತ್ತು. ಧ್ವನಿ ಮಾತ್ರ ತರಗತಿಯದು.

"ಯಾರೇ ಹೇಳಿದ್ದು ನಂಗೆ ಬ್ಯಾಸ್ರ ಅಂತ? ಪರೀಕ್ಷೆ ಬ್ಯಾಡ ಅಂತೆ! ಎಲ್ಲಿಗೆ ನಿಂತಿತ್ತು ಹೇಳು."

ಇಪ್ಪತ್ತೈದನೆಯ ಪಾಠದ ಕೊನೆಯ ಸಾಲನ್ನು ರೇಣುಕಾ ಒಂದು ಪದವೂ ಬಿಡದೆ ಒಪ್ಪಿಸಿದಳು. ಸುಶೀಲ ನೋಟ್ಸಿನ ಪುಸ್ತಕ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ನಡುಮನೆಯ ನೆಲದ ಮೇಲೆಯೇ ಗೋಡೆಗೆ ಒರಗಿ ಕೂತಳು. ಫೋನನ್ನು ಮೊಣಕಾಲಿಗೆ ಆನಿಸಿ ಇಟ್ಟು ಓದಲು ಶುರುಮಾಡಿಯೇಬಿಟ್ಟಳು. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಎದುರು ಮನೆಯ ನಾಯಿ ಬೊಗಳಿತು. ಇಬ್ಬರಿಗೂ ಅದರ ಗಮನವಿರಲಿಲ್ಲ. ನಡುನಡುವೆ ರೇಣುಕಾ, "ಇನ್ನೊಂದ್ಸಲ ಮೇಡಂ," ಎನ್ನುತ್ತಿದ್ದಳು. ಇವಳು ಇನ್ನೊಂದು ಸಲ ಹೇಳುತ್ತಿದ್ದಳು.

ನಾನು ಪಕ್ಕದ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದೆ. ಮೈಕು ಸಿಕ್ಕಿಸಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ, ಅದು ಒಮ್ಮೆಯೂ ತಡವರಿಸದೆ ನಡೆಯುತ್ತಿತ್ತು. ಅದರ ಮುಂದೆ ನಾನೊಬ್ಬನೇ ಕೂತಿದ್ದೆ. ಆ ಕಡೆ ಸುಶೀಲಳ ಗಂಟಲು ಮತ್ತೆ ಕಟ್ಟುತ್ತಿರುವುದು ಕೇಳಿಸಿತು. ಎದ್ದು ಅವಳಿಗೆ ಕುಡಿಯಲು ಸ್ವಲ್ಪ ಬಿಸಿನೀರು ಕಾಯಿಸಿಕೊಂಡು ಹೋದೆ.